ಸೋದರಮಾವನ ಹಕ್ಕು

ಆಕೆ ನನ್ನ ಕಚೇರಿಗೆ ಬಂದಾಗ ಕೈಯಲ್ಲಿ ಒಂದು ಫೋಟೋ ಬಿಟ್ಟರೆ ಬೇರೆ ಯಾವ ಕಾಗದವೂ ಇರಲಿಲ್ಲ. ಹಿಂದಿನ ದಿನ ಶ್ರೀನಿವಾಸಪುರದ ಸ್ಟುಡಿಯೋದಲ್ಲಿ ತೆಗೆಸಿದ್ದು. ಗಂಡ ಹೆಂಡತಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಗಂಡನ ಮುಖ ಗಂಟು ಹಾಕಿಕೊಂಡಿತ್ತು. ಆಕೆ ನೋಡುತ್ತಿದ್ದದ್ದು ಕ್ಯಾಮೆರಾವನ್ನಲ್ಲ, ಪಕ್ಕದ ಬಾಗಿಲನ್ನು.

"ಪೆನ್ಷನ್ ಕಾಗದಕ್ಕೆ ಜೋಡಿ ಫೋಟೋ ಬೇಕಂತೆ ಮೇಡಂ. ಮೂರು ವರ್ಷದಿಂದ ಮನೆ ಕಡೆ ತಲೆ ಹಾಕಿರ್ಲಿಲ್ಲ, ಫೋಟೋಗೆ ಅಂತ ಬಂದ್ರು. ತೆಗೆಸ್ಕೊಂಡು ಆಚೆ ಬಂದ್ಮೇಲೆ, ಮನೆ ಮಾರ್ತಿದ್ದೀನಿ, ಅಡ್ವಾನ್ಸ್ ತಗೊಂಡಿದ್ದೀನಿ, ಇನ್ಮೇಲೆ ನೀನು ನಿಮ್ಮಮ್ಮನ ಮನೆಗೆ ಹೋಗು ಅಂದ್ರು."

"ಯಾರು, ನಿಮ್ಮ ಯಜಮಾನ್ರಾ?"

"ಹೂಂ. ನಮ್ಮ ಮಾವ."

ಗಂಡನನ್ನು ಮಾವ ಎಂದದ್ದು ನನಗೆ ವಿಶೇಷ ಅನಿಸಲಿಲ್ಲ. ತಾಯಿಯ ಒಡಹುಟ್ಟಿದ ತಮ್ಮನನ್ನೇ ಮದುವೆಯಾದವಳು ಎಂದು ತಕ್ಷಣ ಅರ್ಥವಾಯಿತು. ನಮ್ಮ ಕಡೆ ಯಾವ ಬೀದಿಗೆ ಹೋದರೂ ಸೋದರಮಾವನ ಮದುವೆಗಳು ಸಿಗುತ್ತವೆ. ಮುಳಬಾಗಿಲಿನ ತವರಿನಲ್ಲಿ ನನ್ನ ಅಮ್ಮ ಇವತ್ತಿಗೂ ನನ್ನ ಅಪ್ಪನನ್ನು ಮಾವ ಎಂದೇ ಕರೆಯುತ್ತಾಳೆ. ಹಾಗೆ ವಿಶೇಷ ಅನಿಸದೆ ಹೋದದ್ದೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಆಕೆಗೆ ಐವತ್ತೆರಡು. ಹದಿನೆಂಟಕ್ಕೆ ಮದುವೆ, ಮಕ್ಕಳಿಲ್ಲ. ಗಂಡ ಒಂದು ಸರ್ಕಾರಿ ಇಲಾಖೆಯಲ್ಲಿ ಸೂಪರಿಂಟೆಂಡೆಂಟು. ಮಾಲೂರಿಗೆ ವರ್ಗವಾದವನು ಅಲ್ಲೇ ರೂಮು ಮಾಡಿಕೊಂಡು ಉಳಿದುಬಿಟ್ಟಿದ್ದ. ಎರಡು ತಿಂಗಳಿಗೆ ಅರವತ್ತು ತುಂಬಿ ನಿವೃತ್ತಿ. ಗ್ರಾಚ್ಯುಟಿ, ಭವಿಷ್ಯನಿಧಿ, ಉಳಿದ ರಜೆಯ ಸಂಬಳ, ಎಲ್ಲ ಅವನ ಖಾತೆಗೆ ಬೀಳಲಿತ್ತು. ಅಣ್ಣನ ಮಕ್ಕಳ ಹೆಸರಿನಲ್ಲಿ ಮಾಲೂರಿನಲ್ಲಿ ಸೈಟು ನೋಡಿಟ್ಟಿದ್ದಾನೆ ಎಂಬ ಸುದ್ದಿ ಆಕೆಯ ಕಿವಿಗೂ ಬಿದ್ದಿತ್ತು. ಶ್ರೀನಿವಾಸಪುರದ ಮನೆ ಕಟ್ಟುವಾಗ ಆಕೆ ವರ್ಷಗಟ್ಟಲೆ ರೇಷ್ಮೆ ಹುಳ ಸಾಕಿ, ಗೂಡು ಮಾರಿದ ಹಣ ಸುರಿದಿದ್ದಳು. ಪತ್ರ ಮಾತ್ರ ಅವನ ಹೆಸರಿನಲ್ಲಿತ್ತು.

"ಇಬ್ರೂ ಒಪ್ಪಿ ವಿಚ್ಛೇದನಕ್ಕೆ ಸೈನ್ ಹಾಕಿದ್ರೆ ಸ್ವಲ್ಪ ದುಡ್ಡು ಕೊಡ್ತೀನಿ ಅಂದವ್ರೆ. ಹಾಕ್ಬಿಡ್ಲಾ ಮೇಡಂ? ಅವ್ರ ಮುಖ ನೋಡಿದ್ರೇ ನಂಗೆ ಕೈಕಾಲು ನಡುಗುತ್ತೆ."

"ಹಾಕಿದ್ರೆ ಆ ಕೈ ಮುರಿದುಬಿಡ್ತೀನಿ" ಎಂದೆ. ನನ್ನ ಬಾಯಿ ಮೊದಲಿಂದಲೂ ಹಾಗೇ. ಆಕೆ ಬೆಚ್ಚಿಬಿದ್ದಳು. ಆಮೇಲೆ ಸಮಾಧಾನವಾಗಿ ವಿವರಿಸಿದೆ. ಹೆಂಡತಿಯಾಗಿ ಉಳಿದರೆ, ದೂರ ಇದ್ದರೂ ಜೀವನಾಂಶ ಕೇಳಬಹುದು. ಅವನ ಕಾಲದ ನಂತರ ಕುಟುಂಬ ಪಿಂಚಣಿ ಹೆಂಡತಿಗೆ ಬರುತ್ತದೆ. ವಿಚ್ಛೇದನ ಪಡೆದವಳಿಗೆ ಬರುವುದಿಲ್ಲ. ಸ್ವಲ್ಪ ದುಡ್ಡಿಗೆ ಸೈನ್ ಹಾಕುವುದೆಂದರೆ ಬದುಕಿನ ಉಳಿದ ಅನ್ನಕ್ಕೆ ಸೈನ್ ಹಾಕಿದ ಹಾಗೆ.

ನಿವೃತ್ತಿಯ ಹಣದ ವಿಷಯದಲ್ಲಿ ಒಂದು ತೊಡಕಿದೆ. ಇಲಾಖೆಯ ಕೈಯಲ್ಲಿರುವಾಗ ಗ್ರಾಚ್ಯುಟಿ, ಪೆನ್ಷನ್ನುಗಳನ್ನು ಜಪ್ತಿ ಮಾಡಿಸುವುದು ಸುಲಭವಲ್ಲ, ಕಾನೂನೇ ಬೇಲಿ ಹಾಕಿದೆ. ಖಾತೆಗೆ ಬಿದ್ದ ಮೇಲೆ ಬೇಲಿ ಇರುವುದಿಲ್ಲ, ಆದರೆ ಅರ್ಧ ಗಂಟೆಯಲ್ಲಿ ಹಣವೂ ಇರುವುದಿಲ್ಲ. ಹಾಗಾಗಿ ಹಣ ಬರುವ ಮುಂಚೆಯೇ ಆದೇಶ ಸಿದ್ಧವಿರಬೇಕು: ಖಾತೆಗೆ ಬಿದ್ದದ್ದರಲ್ಲಿ ಅರ್ಧವನ್ನು ದಾವೆ ಮುಗಿಯುವ ತನಕ ಮುಟ್ಟಬಾರದು, ಮನೆ ಮಾರಬಾರದು. ಕೋಲಾರದ ಕುಟುಂಬ ನ್ಯಾಯಾಲಯದಲ್ಲಿ ಜೀವನಾಂಶದ ದಾವೆ ಹಾಕಿ, ಜೊತೆಗೆ ಈ ತಡೆಗಾಗಿ ಮಧ್ಯಂತರ ಅರ್ಜಿ ಕೊಟ್ಟೆ. ದಾವೆಯ ಎರಡನೇ ಪ್ಯಾರಾದಲ್ಲಿ, ಪ್ರತಿವಾದಿಯು ವಾದಿಯ ತಾಯಿಯ ಸ್ವಂತ ತಮ್ಮನಾಗಿದ್ದು ಗುರುಹಿರಿಯರ ಸಮ್ಮುಖದಲ್ಲಿ ಮದುವೆ ನಡೆಯಿತು ಎಂದು ಬರೆಸಿದೆ. ನೋಟಿಸು ಜಾರಿಯಾಯಿತು. ನನ್ನ ಮಟ್ಟಿಗೆ ಎಲ್ಲ ಸರಿಯಾಗಿತ್ತು.

ನಿವೃತ್ತಿಗೆ ಹನ್ನೆರಡು ದಿನ ಇರುವಾಗ ಎದುರು ಪಕ್ಷದ ತಕರಾರು ಬಂತು. ಬೆಂಗಳೂರಿನಿಂದ ಬರುತ್ತಿದ್ದ ವಕೀಲರು, ಮಾತು ಮೆದು, ಕಾಗದ ಹರಿತ. ಕೋರ್ಟಿನ ಮೊಗಸಾಲೆಯಲ್ಲಿ ನಿಂತುಕೊಂಡೇ ಓದಿದೆ. ನಾಲ್ಕನೇ ಪ್ಯಾರಾವನ್ನು ಎರಡು ಸಲ ಓದಿದೆ. ವಾದಿಯು ಪ್ರತಿವಾದಿಯ ಅಕ್ಕನ ಮಗಳು. ಇದು ಮದುವೆಗೆ ಕಾನೂನು ನಿಷೇಧಿಸಿದ ಸಂಬಂಧ. ವಿನಾಯಿತಿ ಕೊಡುವಂಥ ಯಾವ ರೂಢಿಯನ್ನೂ ವಾದಿ ಹೇಳಿಕೊಂಡಿಲ್ಲ. ಆದ್ದರಿಂದ ಮದುವೆಯೇ ಅಸಿಂಧು, ವಾದಿ ಪ್ರತಿವಾದಿಯ ಹೆಂಡತಿಯೇ ಅಲ್ಲ.

ಹಾಗಾದರೆ ನಮ್ಮಮ್ಮ ಯಾರು? ಮೊದಲು ನನ್ನ ತಲೆಗೆ ಬಂದದ್ದು ಅದು. ಎರಡನೆಯದಾಗಿ ಬಂದದ್ದು ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ ಎಂಬ ಮಾತು. ಯಾಕೆಂದರೆ ಆ ಪ್ಯಾರಾದಲ್ಲಿ ಸುಳ್ಳು ಇರಲಿಲ್ಲ. ಸೋದರಮಾವನ ಮದುವೆ ರೂಢಿಯಿದ್ದರೆ ಮಾನ್ಯ. ಆದರೆ ಆ ರೂಢಿ ನಮ್ಮ ಕುಲದಲ್ಲಿ ಹಿಂದಿನಿಂದ ನಡೆದುಬಂದಿದೆ ಎಂದು ದಾವೆಯಲ್ಲಿ ಹೇಳಬೇಕು, ಆಮೇಲೆ ಸಾಬೀತು ಮಾಡಬೇಕು. ಒಂದೇ ಒಂದು ಸಾಲು. ಹೊರಗಿನ ಊರಿನ ಯಾವ ವಕೀಲರೂ ಅದನ್ನು ಬಿಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅದನ್ನೇ ನೋಡಿಕೊಂಡು ಬೆಳೆದ ನಾನು ಬಿಟ್ಟಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ, ಕೋರ್ಟಿಗೆ ಕನ್ನಡಿ ಬೇಕೇ ಬೇಕು. ಅಷ್ಟು ವರ್ಷ ಕರಿ ಕೋಟು ಹಾಕಿಕೊಂಡು ಓಡಾಡಿ ನನಗೆ ಇದು ಹೊಳೆಯಲಿಲ್ಲ.

ಆಕೆಗೆ ಹೇಳಬೇಕಿತ್ತು. ಹೇಳದೆ ಸದ್ದಿಲ್ಲದೆ ತಿದ್ದುಪಡಿ ಅರ್ಜಿ ಹಾಕಿಬಿಡೋಣ ಎಂದು ಎರಡು ದಿನ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಮೂರನೇ ದಿನ ಕೋರ್ಟಿನ ಕ್ಯಾಂಟೀನಿನಲ್ಲಿ ಆಕೆಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ.

ಆಕೆ ಟೀ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಹೆಂಡ್ತಿ ಅಲ್ಲ ಅಂದ್ರೆ, ಮೂವತ್ನಾಲ್ಕು ವರ್ಷ ನಾನು ಏನಾಗಿದ್ದೆ ಮೇಡಂ ಆ ಮನೇಲಿ?"

"ನೀವು ಹೆಂಡ್ತಿನೇ. ನಾನು ಬರೀಬೇಕಾಗಿದ್ದ ಒಂದು ಸಾಲು ಬರೀಲಿಲ್ಲ. ತಪ್ಪು ನಂದು. ಬೇರೆ ವಕೀಲರ ಹತ್ರ ಹೋಗ್ತೀನಿ ಅಂದ್ರೂ ಈಗ್ಲೇ ಕಾಗದ ಎಲ್ಲ ಕೊಟ್ಟು ಕಳಿಸ್ತೀನಿ."

"ನೀವೂ ಹೆದ್ರಿದ್ದೀರಾ?"

"ಹೆದ್ರಿದ್ದೀನಿ ಕಣ್ರೀ. ಎದೆ ಡವಡವ ಅಂತಿದೆ."

"ಸರಿ ಬಿಡಿ" ಎಂದಳು. "ಇಷ್ಟು ದಿನ ಒಬ್ಳೇ ಹೆದರ್ಕೋತಿದ್ದೆ."

ಮರುದಿನ ತಿದ್ದುಪಡಿ ಅರ್ಜಿ ಹಾಕಿದೆ. ಇದು ನನ್ನ ಕಕ್ಷಿದಾರಳ ತಪ್ಪಲ್ಲ, ಬರೆದ ನನ್ನ ತಪ್ಪು ಎಂದು ನ್ಯಾಯಾಧೀಶರ ಮುಂದೆ ನೇರವಾಗಿ ಹೇಳಿದೆ. ಹಿಂದೆ ಕೂತಿದ್ದ ವಕೀಲರಲ್ಲಿ ಯಾರೋ ನಕ್ಕದ್ದು ಕೇಳಿಸಿತು. ಎದುರು ವಕೀಲರು, ತಕರಾರು ನೋಡಿದ ಮೇಲೆ ಹುಟ್ಟಿದ ಕಥೆ ಇದು ಎಂದರು. ನಾನು ಜೋಡಿ ಫೋಟೋ ಎತ್ತಿ ಹಿಡಿದೆ. ಇಲಾಖೆಗೆ ಹೆಂಡತಿ, ಕೋರ್ಟಿಗೆ ಅಲ್ಲ ಎಂದರೆ ಹೇಗೆ ಸ್ವಾಮಿ ಎಂದು ಕೇಳಿದೆ. ಆ ಫೋಟೋ ಗೆಲ್ಲಿಸುತ್ತದೆ ಎಂದೇ ನಂಬಿದ್ದೆ.

ನ್ಯಾಯಾಧೀಶರು ಫೋಟೋ ನೋಡಿ ಪಕ್ಕಕ್ಕಿಟ್ಟರು. "ಕಾನೂನು ಒಪ್ಪದ ಮದುವೆಯನ್ನು ಫೋಟೋ ಸರಿ ಮಾಡೋದಿಲ್ಲಮ್ಮ. ರೂಢಿ ಇದೆ ಅಂತೀರಿ. ಆ ಕುಟುಂಬದ ಹಿರಿಯರು ಯಾರಾದ್ರೂ ಬಂದು ಹೇಳ್ಲಿ. ನಾನೇ ಕೇಳ್ತೀನಿ." ಕುಟುಂಬ ನ್ಯಾಯಾಲಯದಲ್ಲಿ ಅಷ್ಟು ಸ್ವಾತಂತ್ರ್ಯ ಉಂಟು. ಮೂವತ್ತನೇ ತಾರೀಖಿಗೆ ಮುಂದೂಡಿದರು. ಮೂವತ್ತೊಂದು ಅವನ ನಿವೃತ್ತಿಯ ದಿನ. ಮನೆಯ ನೋಂದಣಿಗೆ ಅದರ ಮುಂದಿನ ವಾರವೇ ದಿನ ಗೊತ್ತಾಗಿತ್ತು.

ಹಿರಿಯರು ಅಂದರೆ ಯಾರು? ಮದುವೆಯ ಮುಂದಾಳುಗಳಲ್ಲಿ ಬದುಕಿದ್ದವರು ಮೂವರು. ಒಬ್ಬರು ಮಂಡಿ ನೋವು ಎಂದರು. ಇನ್ನೊಬ್ಬರು, "ಅವರವರ ಮನೆ ವಿಷ್ಯ ಕಣಮ್ಮ, ನಾಳೆ ಒಂದಾಗ್ತಾರೆ, ನಾವು ಕೆಟ್ಟೋರಾಗ್ತೀವಿ" ಎಂದು ಬಾಗಿಲಿಂದಲೇ ಕಳಿಸಿದರು. ಉಳಿದವರು ಆಕೆಯ ತಾಯಿ. ಯಲ್ದೂರಿನ ಹತ್ತಿರದ ಹಳ್ಳಿಯಲ್ಲಿದ್ದರು. ಪ್ರತಿವಾದಿಯ ಸ್ವಂತ ಅಕ್ಕ.

ಅಲ್ಲಿಗೆ ಹೋಗುವಾಗ ಬಸ್ಸಿನಲ್ಲಿ ಆಕೆ ನನ್ನಿಂದ ಒಂದು ಮಾತು ತೆಗೆದುಕೊಂಡಳು. "ಅಮ್ಮಂಗೆ ಬರೋಕೆ ಕೇಳಿ ಮೇಡಂ. ಆದ್ರೆ ಮಾವ ಬರೆದಿರೋದನ್ನ ಮಾತ್ರ ಹೇಳ್ಬೇಡಿ. ನಾನು ಹೆಂಡ್ತಿ ಅಲ್ಲ ಅಂತ ಕೇಳಿದ್ರೆ ಎದೆ ಒಡ್ಕೊಂಡು ಸಾಯ್ತಾಳೆ." ಸರಿ ಎಂದೆ.

ತಾಯಿ ಜಗಲಿಯ ಮೇಲೆ ಈಳಿಗೆ ಮಣೆ ಇಟ್ಟುಕೊಂಡು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದರು. ಎಪ್ಪತ್ತು ದಾಟಿದ ಜೀವ, ಮೈ ಒಣಗಿದ್ದರೂ ಕೈ ಚುರುಕು. ಮಗಳು ಹೇಳಿದ್ದನ್ನು ಕೇಳಿಸಿಕೊಂಡು ತಲೆ ಅಡ್ಡಡ್ಡ ಆಡಿಸಿದರು.

"ತಮ್ಮನೂ ಅವನೇ, ಅಳಿಯನೂ ಅವನೇ. ಯಾರ ಮೇಲೆ ಸಾಕ್ಷಿ ಹೇಳ್ಲಿ ಲಾಯರಮ್ಮ? ನಮ್ಮಮ್ಮ ಹೊಲಕ್ಕೆ ಹೋದ್ರೆ ಅವನ್ನ ಸೊಂಟದ ಮೇಲೆ ಇಟ್ಕೊಂಡು ಸಾಕಿದ್ದು ನಾನು. ಬೇಕಾದ್ರೆ ಇವಳು ಇಲ್ಲಿಗೇ ಬಂದುಬಿಡ್ಲಿ. ನನ್ನ ಮುದ್ದೆಯಲ್ಲಿ ಅರ್ಧ ತಿಂತಾಳೆ. ಕೋರ್ಟು ಬೇಡ."

ಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಸ್ಟುಡಿಯೋದ ಫೋಟೋದಲ್ಲಿದ್ದ ಮುಖವೇ ಅದು. ಬದುಕಿಡೀ ಬೇರೆಯವರು ತೋರಿಸಿದ ಮನೆಯಲ್ಲಿ ಕೂತವಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಅವರ ಮೇಲೂ ನನ್ನ ಮೇಲೂ. ಕೊಟ್ಟ ಮಾತು ಮುರಿಯುವುದಾ, ಎದ್ದು ಹೋಗುವುದಾ? ಆ ಮುದುಕಿಗೆ ಏನಾದರೂ ಆಗಿಬಿಟ್ಟರೆ ಎಂಬ ಭಯವೂ ಇತ್ತು. ಆದರೂ ಚೀಲದಿಂದ ತಕರಾರಿನ ಪ್ರತಿ ತೆಗೆದೆ. ಆಕೆ ನನ್ನ ಮೊಣಕೈ ಹಿಡಿದಳು. ಬಿಡಿಸಿಕೊಂಡು ನಾಲ್ಕನೇ ಪ್ಯಾರಾ ಓದಿದೆ. ಕಾಗದದ ಕನ್ನಡ ಅವರಿಗೆ ತಿಳಿಯದೆಂದು ಅವರ ಮನೆಮಾತು ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದೆ. "ಈಮೆ ನಾ ಭಾರ್ಯ ಕಾದು." ಇವಳು ನನ್ನ ಹೆಂಡತಿ ಅಲ್ಲ.

ಹೆಚ್ಚುತ್ತಿದ್ದ ಕೈ ನಿಂತಿತು. "ಇದನ್ನ ಅವನೇ ಬರೆದ್ನಾ?"

"ವಕೀಲರು ಬರೆದಿದ್ದು. ಅವರು ಸೈನ್ ಹಾಕಿದ್ದಾರೆ."

"ಎಲ್ಲಿ, ಸೈನು ತೋರ್ಸು."

ತೋರಿಸಿದೆ. ಓದು ಬಾರದ ಬೆರಳು ಆ ಸೈನಿನ ಮೇಲೆ ಸ್ವಲ್ಪ ಹೊತ್ತು ಇತ್ತು. ಆಮೇಲೆ ಕೈ ಒರೆಸಿಕೊಂಡು ಎದ್ದು, ಊಟ ಮಾಡ್ಕೊಂಡು ಹೋಗಿ ಎಂದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಎನ್ನಲಿಲ್ಲ. ವಾಪಸು ಬರುವಾಗ ಆಕೆ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಮೂವತ್ತನೇ ತಾರೀಖು ಹನ್ನೊಂದು ಗಂಟೆಗೆ ಕೇಸು ಕೂಗಿದರು. ತಾಯಿ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಎಂದು ಬೇಡಿಕೊಂಡೆ. ಹನ್ನೆರಡೂವರೆಗೆ ಮತ್ತೆ ಕೂಗಿದರು, ಮತ್ತೆ ಬೇಡಿಕೊಂಡೆ. ಎದುರು ವಕೀಲರು ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟರು. "ಊಟದ ನಂತರ ಕೊನೇ ಸಲ" ಎಂದರು ನ್ಯಾಯಾಧೀಶರು. ನಾನು ಊಟಕ್ಕೆ ಹೋಗಲಿಲ್ಲ. ಗೇಟಿನ ಹತ್ತಿರ ನಿಂತು ಬರುವ ಆಟೋಗಳನ್ನೆಲ್ಲ ನೋಡಿದೆ. ಎರಡು ಗಂಟೆಗೆ ಆಕೆ ಬಂದು ಪಕ್ಕದಲ್ಲಿ ನಿಂತಳು.

ಎರಡೂಮುಕ್ಕಾಲಕ್ಕೆ ಮತ್ತೆ ಕೂಗಿದರು. ಇನ್ನೊಂದು ದಿನ ಕೊಡಿ ಎಂದು ಕೇಳಲು ಎದ್ದೆ. ಇನ್ನೊಂದು ದಿನದಲ್ಲಿ ಎಲ್ಲ ಮುಗಿದಿರುತ್ತದೆ ಎಂದು ನನಗೂ ಗೊತ್ತಿತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನ ಹತ್ತಿರ, "ನಾನೇ ಸ್ವಾಮಿ ಅವಳಮ್ಮ" ಎಂಬ ದನಿ ಕೇಳಿತು. ಬಸ್ಸು ಕೆಟ್ಟು ಅರ್ಧ ದಾರಿ ಯಾರದೋ ಟೊಮೇಟೊ ಗಾಡಿಯಲ್ಲಿ ಬಂದಿದ್ದರು. ಸೀರೆಯ ಅಂಚಿಗೆಲ್ಲ ಧೂಳು.

ನ್ಯಾಯಾಧೀಶರು ಕೇಳಿದ್ದಕ್ಕೆ ತಾಯಿ ನೆಟ್ಟಗೆ ಉತ್ತರ ಕೊಟ್ಟರು. ತಮ್ಮ ಅಜ್ಜಿ ಮದುವೆ ಆಗಿದ್ದೂ ಸೋದರಮಾವನನ್ನೇ, ತಮ್ಮ ಚಿಕ್ಕಮ್ಮನೂ ಅಷ್ಟೇ ಎಂದರು. ಎದುರು ವಕೀಲರು ಪಾಟೀಸವಾಲಿಗೆ ಎದ್ದರು. ಮೆದುವಾಗಿಯೇ ಶುರು ಮಾಡಿದರು.

"ಅಲ್ಲೊಂದು ಇಲ್ಲೊಂದು ನಡೆದಿರಬಹುದಮ್ಮ. ಅದು ರೂಢಿ ಹೇಗಾಗುತ್ತೆ? ನಿಮ್ಮ ಮಗಳಿಗೆ ಹೊರಗಿನ ಗಂಡು ನೋಡಬಾರದು ಅಂತ ಏನಾದ್ರೂ ಇತ್ತಾ?"

"ನೋಡಿದ್ವಲ್ಲ ಸ್ವಾಮಿ. ಮುಳಬಾಗಿಲಿಂದ ಗಂಡು ಬಂದಿತ್ತು, ಮೇಷ್ಟ್ರು. ಎಲೆ ಅಡಿಕೆ ಬದಲಾಯಿಸ್ಕೊಳ್ಳೋ ದಿನ ಇವನು ಬಂದು ಅಂಗಳದಲ್ಲಿ ನಿಂತ. ಸೋದರಮಾವ ನಾನಿದ್ದೀನಿ, ನನ್ನ ಹಕ್ಕು ಬಿಟ್ಟು ಹೊರಗೆ ಹೆಂಗೆ ಕೊಡ್ತೀಯಕ್ಕಾ ಅಂದ. ಹಕ್ಕು ಅಂದ್ಮೇಲೆ ಯಾರು ಏನ್ಮಾಡೋಕಾಗುತ್ತೆ? ಬಂದೋರು ತಾಂಬೂಲ ವಾಪಸ್ ಇಟ್ಟು ಎದ್ದೋದ್ರು. ನ್ಯಾಯ ಹೇಳೋರು ಹತ್ತು ಜನ ಕೂತಿದ್ರು, ಒಬ್ರೂ ಅದು ತಪ್ಪು ಅನ್ಲಿಲ್ಲ."

ಈ ಮಾತು ನನಗೂ ಹೊಸದು. ಮಗಳಿಗೆ ಗೊತ್ತಿದ್ದರೂ ಹೇಳುವಂಥ ವಿಷಯ ಎಂದು ಅವಳಿಗೆ ಅನಿಸಿರಲಿಲ್ಲ. ತಾಯಿ ನ್ಯಾಯಾಧೀಶರಿಂದ ಮುಖ ತಿರುಗಿಸಿ ತಮ್ಮನನ್ನು ನೋಡಿದರು. ಅವನು ತಲೆ ತಗ್ಗಿಸಿ ಕೂತಿದ್ದ.

"ಚೆಪ್ಪರಾ" ಎಂದರು. "ನುವ್ವೇ ಕದಾ ಅಡಿಗಿಂದಿ?" ಹೇಳೋ, ಕೇಳಿದ್ದು ನೀನೇ ಅಲ್ಲವಾ.

ಅವನ ವಕೀಲರು ಆಕ್ಷೇಪಿಸಲು ಬಾಯಿ ತೆರೆದರು. ಅಷ್ಟರಲ್ಲಿ ಅವನೇ ಎದ್ದು ನಿಂತಿದ್ದ. ಅಕ್ಕ ಕರೆದರೆ ಎದ್ದು ನಿಲ್ಲುವುದು ಅಭ್ಯಾಸವಿತ್ತೇನೋ. "ಅವುನಕ್ಕಾ" ಎಂದ.

"ಏನಂದ್ರಿ?" ನ್ಯಾಯಾಧೀಶರು ಕೇಳಿದರು.

"ಹೌದು ಅಂದೆ ಸ್ವಾಮಿ. ನಾನೇ ಕೇಳಿದ್ದು."

ಎದುರು ವಕೀಲರಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಆ ಮದುವೆಗೆ ಹುಡುಗಿಯ ಒಪ್ಪಿಗೆ ಇತ್ತಾ ಎಂದರು. ತಾಯಿ ಮಗಳ ಕಡೆ ನೋಡಿದರು. ಅದುವರೆಗೆ ಗಟ್ಟಿಯಾಗಿದ್ದ ದನಿ ಸಣ್ಣದಾಯಿತು.

"ಅವಳನ್ನ ಯಾರೂ ಕೇಳ್ಲಿಲ್ಲ ಸ್ವಾಮಿ. ನಾನೂ ಕೇಳ್ಲಿಲ್ಲ."

ಒಪ್ಪಿಗೆಯ ತಕರಾರು ಎತ್ತಬೇಕಾದವರು ವಾದಿ, ನೀವಲ್ಲ ಎಂದು ನ್ಯಾಯಾಧೀಶರು ವಕೀಲರನ್ನು ಕೂರಿಸಿದರು. ನಾಲ್ಕೂವರೆಗೆ ಆದೇಶ ಬಂತು. ತಿದ್ದುಪಡಿಗೆ ಅನುಮತಿ. ಮೇಲ್ನೋಟಕ್ಕೆ ರೂಢಿ ಕಂಡುಬರುತ್ತದೆ, ಆಕೆ ಹೆಂಡತಿ. ದಾವೆ ಮುಗಿಯುವವರೆಗೆ ಮನೆ ಮಾರುವಂತಿಲ್ಲ, ಆಕೆಯನ್ನು ಅಲ್ಲಿಂದ ಎಬ್ಬಿಸುವಂತಿಲ್ಲ. ಖಾತೆಗೆ ಬಂದ ನಿವೃತ್ತಿ ಹಣದಲ್ಲಿ ಅರ್ಧ ಠೇವಣಿಯಾಗಿ ಉಳಿಯಬೇಕು. ತಿಂಗಳು ತಿಂಗಳು ಪೆನ್ಷನ್ನಿನಿಂದ ಆಕೆಗೆ ಇಷ್ಟು ಎಂದು ಕಟ್ಟಬೇಕು. ಪ್ರತಿ ಕೈಗೆ ಸಿಗುವ ತನಕ ನಾನು ಕಾಪಿ ವಿಭಾಗದ ಕಿಟಕಿ ಬಿಟ್ಟು ಕದಲಲಿಲ್ಲ. ಸಂಜೆಯೇ ಬ್ಯಾಂಕಿಗೂ ಸಬ್ ರಿಜಿಸ್ಟ್ರಾರ್ ಕಚೇರಿಗೂ ಕಳಿಸುವ ಕಾಗದ ಸಿದ್ಧ ಮಾಡಿಸಿದೆ.

ಇದು ಮಧ್ಯಂತರ ಆದೇಶ ಅಷ್ಟೇ, ದಾವೆ ಇನ್ನೂ ನಡೆಯುತ್ತಿದೆ. ಕೇಸಿನ ದಿನ ಬಂದರೆ ಈಗಲೂ ನನಗೆ ಬೆಳಿಗ್ಗೆ ತಿಂಡಿ ಸೇರುವುದಿಲ್ಲ. ಅವತ್ತಿನಿಂದ ಯಾವ ದಾವೆ ಬರೆದರೂ, ಇಡೀ ಊರಿಗೇ ಗೊತ್ತಿರುವ ವಿಷಯವನ್ನು ಮೊದಲು ಬರೆಯುತ್ತೇನೆ. ನಮ್ಮ ಗುಮಾಸ್ತ, ಮುಂದಿನ ಸಲ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅಂತಲೂ ಬರೆಸ್ತೀರಾ ಮೇಡಂ ಎಂದು ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ.

ಅವತ್ತು ಸಂಜೆ ಆದೇಶದ ಪ್ರತಿ ಹಿಡಿದು ಹೊರಗೆ ಬಂದಾಗ ತಾಯಿ, ಮಗಳು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಅವನು ಸ್ವಲ್ಪ ದೂರದಲ್ಲಿ ತನ್ನ ವಕೀಲರ ಕಾರಿನ ಹತ್ತಿರ ನಿಂತು ಅಕ್ಕನನ್ನು ನೋಡುತ್ತಿದ್ದ. ಅಕ್ಕ ಆ ಕಡೆ ತಿರುಗಲಿಲ್ಲ. ಹಳ್ಳಿಯ ಜಗಲಿಯಲ್ಲಿ ಹೇಳಿದಂತೆ ಮಗಳನ್ನು ತನ್ನ ಜೊತೆಗೆ ಕರೆದುಕೊಂಡು ಹೋಗಿಬಿಡುತ್ತಾರೆ, ಆಕೆಯೂ ಸೆರಗು ಸುತ್ತುತ್ತ ಹೊರಟುಬಿಡುತ್ತಾಳೆ, ಮನೆ ಖಾಲಿ ಬಿದ್ದರೆ ಬೀಗ ಹಾಕಲು ಅವನಿಗೆಷ್ಟು ಹೊತ್ತು ಎಂದು ನನ್ನ ಜೀವ ಮತ್ತೆ ಹಾರಿತು. ಹೇಳಲು ಬಾಯಿ ತೆರೆದೆ.

"ಲೇ" ಎಂದು ತಾಯಿ ಮಗಳ ಮೊಣಕಾಲಿನ ಮೇಲೆ ಕೈ ಇಟ್ಟರು. "ನನ್ನ ಜೊತೆ ಬರ್ತೀಯಾ, ನಿನ್ನ ಮನೆಗೆ ಹೋಗ್ತೀಯಾ? ಕೇಳ್ತಾ ಇದ್ದೀನಿ ಕಣೇ, ನೀನೇ ಹೇಳು."

ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಮೂರು ಬಸ್ಸು ಹೋದವು. ಆಮೇಲೆ ಆಕೆ ಎದ್ದು ನಿಂತು, ಸೀರೆ ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದಳು.

"ಶ್ರೀನಿವಾಸಪುರಕ್ಕೆ ಇನ್ನ ಬಸ್ ಎಷ್ಟೊತ್ತಿಗೆ ಮೇಡಂ?"